ಸುಂದ್ರಿ, ಗುಂಡ ಮತ್ತು ನನ್ನ ಶಿಸ್ತುಪಾಲನೆ

ನಾಯಿಮರಿ ಗುಂಡನನ್ನು ಮನೆಗೆ ತಂದ ದಿನ ನನಗೆ ಕಿಂಚಿತ್ತೂ ಅಳುಕಿರಲಿಲ್ಲ. ಯಾಕಿರಬೇಕು? ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ಒಂದು ವಿಸಿಲ್ ಊದಿದರೆ ಇಡೀ ಶಾಲೆ ಸಾಲಾಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ಹೆಡ್‌ಮಾಸ್ಟರೂ ಸೇರಿ! ಅಂಥವನಿಗೆ ಎರಡು ನಾಯಿ ಯಾವ ಲೆಕ್ಕ?

ಗುಂಡ ಸಿಕ್ಕಿದ್ದು ಕುಮಾರಸ್ವಾಮಿ ಲೇಔಟಿನ ನಮ್ಮ ಬಸ್ ಸ್ಟಾಪ್ ಹಿಂದೆ, ನೆನೆದ ರಟ್ಟಿನ ಡಬ್ಬದಲ್ಲಿ. ತರಕಾರಿ ಚೀಲದಲ್ಲಿ ದಂಟಿನ ಸೊಪ್ಪಿನ ಮೇಲೆ ಕೂರಿಸಿಕೊಂಡು ಬಂದೆ. ಚೀಲ ಬಿಚ್ಚಿದ ನನ್ನ ಹೆಂಡತಿ ಪದ್ಮಾ ಮೊದಲು ಸೊಪ್ಪು ನೋಡಿದಳು, ಆಮೇಲೆ ಮರಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಸೊಪ್ಪನ್ನಾದ್ರೂ ತೊಳೀಬಹುದು ರೀ. ಇದನ್ನೇನು ಮಾಡೋದು? ಸುಂದ್ರಿ ಸುಮ್ನೆ ಬಿಡ್ತಾಳಾ?”

ಸುಂದ್ರಿ ನಮ್ಮ ಹಳೇ ನಾಯಿ. ಮೂತಿಯೆಲ್ಲ ಬೆಳ್ಳಗಾಗಿದೆ. ಸೋಫಾ ಹತ್ತಬೇಕಾದರೆ ಹಿಂದಿನಿಂದ ನಾನೇ ಎತ್ತಿಕೊಡಬೇಕು. ಮಗಳು ಮದುವೆಯಾಗಿ ಹೋದ ಮೇಲಂತೂ ಆಟ ಅನ್ನೋದನ್ನೇ ಮರೆತು, ಗೋಡೆ ನೋಡುತ್ತಾ ಮಲಗೋದನ್ನೇ ನೌಕರಿ ಮಾಡಿಕೊಂಡಿದ್ದಳು. ನಾನು ಗುಂಡನನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ವಿಧ್ಯುಕ್ತವಾಗಿ ಪರಿಚಯ ಮಾಡಿಸಿದೆ. ಅವಳು ಗೋಡೆ ಕಡೆ ತಿರುಗಿಕೊಂಡಳು.

“ನೋಡು, ಎಷ್ಟು ಶಾಂತಿಯಿಂದ ಒಪ್ಪಿಕೊಂಡ್ಲು!” ಅಂದೆ.

ಮರುದಿನ ಬೆಳಿಗ್ಗೆ ಗುಂಡ ಆ ಶಾಂತಿಯ ಕಿವಿಗೆ ಜೋತುಬಿದ್ದ. ಸುಂದ್ರಿ ಗುರ್ರ್ ಅಂದಳು. ಅವನು ಬಿಡಲಿಲ್ಲ. ಅವಳು ಬಾಯಿ ತೆಗೆದು ಅವನ ತಲೆಯನ್ನು ಇಡಿಯಾಗಿ ಒಳಗೆ ಹಾಕಿಕೊಂಡಳು!

“ಅಯ್ಯೋ, ಕೊಂದೇಬಿಟ್ಲು ರೀ!” ಎಂದು ಪದ್ಮಾ ಕೂಗಿದಳು.

ನಾನು ಕಪಾಟಿನಿಂದ ನನ್ನ ಹಳೇ ವಿಸಿಲ್ ಹುಡುಕಿ ತೆಗೆದು, ಇದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಸುಂದ್ರಿ ಬಾಯಿ ಬಿಟ್ಟಳು. ಗುಂಡನ ತಲೆ ಜೊಲ್ಲು ಸುರಿಸುತ್ತಾ ಹೊರಗೆ ಬಂತು. ಸುತ್ತ ಒಮ್ಮೆ ನೋಡಿದ. ಮತ್ತೆ ತಾನಾಗಿಯೇ ತಲೆಯನ್ನು ಅವಳ ಬಾಯೊಳಗೆ ಇಟ್ಟ!

ಅಂದರೆ ಇದು ಆಟ. ಆದರೆ ನನ್ನ ಸೇವಾವಧಿಯಲ್ಲಿ ನಿಯಮವಿಲ್ಲದ ಆಟವನ್ನು ನಾನು ಎಂದೂ ಸಹಿಸಿದವನಲ್ಲ. ಅವತ್ತಿನಿಂದ ಅವರು ಗುದ್ದಾಡಿದಾಗಲೆಲ್ಲ ವಿಸಿಲ್ ಊದಿದೆ. ವಿಸಿಲ್ ಅಂದರೆ ಶುರು ಮಾಡಿ ಅಂತ ಅವರಿಬ್ಬರೂ ಅರ್ಥ ಮಾಡಿಕೊಂಡರು. ಮಲಗಿದ್ದವರೂ ಎದ್ದು ಬಂದು ಕಚ್ಚಾಡತೊಡಗಿದರು. ನಾನು ಇನ್ನೂ ಜೋರಾಗಿ ಊದಿದೆ.

ಆಮೇಲೆ ಗಡಿ ನಿರ್ಮಾಣ. ಹಾಲ್ ಸುಂದ್ರಿಗೆ, ಬಾಲ್ಕನಿ ಗುಂಡನಿಗೆ, ನಡುವೆ ಅಡ್ಡಲಾಗಿ ನಿಲ್ಲಿಸಿದ ಮಡಿಚೋ ಮಂಚ, ಅದಕ್ಕೆ ಒರಗಿಸಿ ಬಟ್ಟೆ ಒಣಗಿಸೋ ಸ್ಟೀಲ್ ಸ್ಟ್ಯಾಂಡ್. ಸೋಫಾ ಹತ್ತೋಕೆ ನನ್ನ ಸಹಾಯ ಕೇಳುತ್ತಿದ್ದ ಸುಂದ್ರಿ ಎರಡು ಹೆಜ್ಜೆ ಹಿಂದೆ ಸರಿದು, ಕುದುರೆ ಥರ ಹಾರಿದಳು! ಮಂಚ ನನ್ನ ಕಾಲ ಮೇಲೆ ಬಿತ್ತು. ಸ್ಟ್ಯಾಂಡ್ ಮಂಚದ ಮೇಲೆ ಬಿತ್ತು. ಪದ್ಮಾಳ ಒಗೆದ ಸೀರೆ ಸುತ್ತಿಕೊಂಡು ಗುಂಡ ಮನೆಯೆಲ್ಲ ಮೆರವಣಿಗೆ ಹೊರಟ.

ಆಗಲೇ ಕೆಳಗಿನಿಂದ ಫೋನ್ ಬಂತು. ಕೆಳಗಡೆ ಇರೋದು ಮನೆ ಮಾಲೀಕರು, ಮುನಿರಾಜಣ್ಣ. ಈ ಲೇಔಟ್ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು.

“ಮೇಷ್ಟ್ರೇ, ಭಾನುವಾರ ಮೇಲಕ್ಕೆ ಬರ್ತೀನಿ. ಸದ್ದಿನ ವಿಚಾರ ಸ್ವಲ್ಪ ಮಾತಾಡ್ಬೇಕು.”

ಪದ್ಮಾಳ ಮುಖ ಸಪ್ಪಗಾಯಿತು. “ಮರೀನ ತಲಘಟ್ಟಪುರಕ್ಕೆ, ನಮ್ಮಣ್ಣನ ಮನೆಗೆ ಕೊಟ್ಟುಬಿಡೋಣ ರೀ. ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?”

ನಾನು ಸುಂದ್ರಿಯನ್ನು ನೋಡಿದೆ. ಗೋಡೆಗೆ ಬೆನ್ನು ಹಾಕಿ ಮಲಗಿದ್ದಳು. ಗುಂಡ ಅವಳ ಹೊಟ್ಟೆಗೆ ಅಂಟಿಕೊಂಡು ನಿದ್ದೆಹೋಗಿದ್ದ.

“ಮನೆ ಬಿಡ್ತೀನಿ, ಗುಂಡನ್ನ ಬಿಡಲ್ಲ!” ಅಂದೆ. ನನಗೇ ರೋಮಾಂಚನವಾಯಿತು.

ಭಾನುವಾರ ನನ್ನ ತಯಾರಿ ಪರಿಪೂರ್ಣವಾಗಿತ್ತು. ಎರಡೂ ನಾಯಿಗಳನ್ನು ಒಂದೇ ಹಗ್ಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಕಟ್ಟಿ, ಆ ಕುರ್ಚಿಯ ಮೇಲೆ ನಾನೇ ಕೂತೆ. ನನ್ನ ಭಾರಕ್ಕೆ ಅಲ್ಲಾಡೋಕಾಗುತ್ತಾ? ಪದ್ಮಾ ಆಗಷ್ಟೇ ನೆಲ ಒರೆಸಿದ್ದಳು ಅನ್ನೋದು ನನ್ನ ಗಮನಕ್ಕೆ ಬಂದಿರಲಿಲ್ಲ.

ಮುನಿರಾಜಣ್ಣ ಬಂದು ಕೂತರು. ಕಾಫಿ ಬಂತು. ನಾನೇ ಶುರು ಮಾಡಿದೆ.

“ನೋಡಿ ಸಾರ್, ನಮ್ಮ ನಾಯಿಗಳಲ್ಲಿ ಎಂಥಾ ಶಿಸ್ತು...”

ಗುಂಡ ಸುಂದ್ರಿಯ ಬಾಲ ಕಚ್ಚಿ ಓಡಿದ. ಸುಂದ್ರಿ ಅವನ ಹಿಂದೆ ಓಡಿದಳು. ಕುರ್ಚಿ ಅವರಿಬ್ಬರ ಹಿಂದೆ ಹೊರಟಿತು. ನಾನು ಭಾಷಣ ಮಾಡುತ್ತಾ ಮಾಡುತ್ತಾ, ಕೂತ ಭಂಗಿಯಲ್ಲೇ, ಕೈಯಲ್ಲಿ ಲೋಟ ಹಿಡಿದು ಮುನಿರಾಜಣ್ಣನ ಮುಂದೆ ಹಾದು ಅಡುಗೆಮನೆ ಕಡೆ ಪ್ರಯಾಣ ಬೆಳೆಸಿದೆ! ಹೊಸಿಲಲ್ಲಿ ಕುರ್ಚಿ ನಿಂತಿತು. ನಾನು ನಿಲ್ಲಲಿಲ್ಲ. ಕಾಫಿ ಪಂಚೆ ಪಾಲಾಯಿತು.

ಬಿದ್ದರೇನಂತೆ? ಬಿದ್ದಲ್ಲಿಂದಲೇ ಬೆರಳೆತ್ತಿ ಗುಡುಗಿದೆ. “ಖಾಲಿ ಮಾಡಿ ಅಂದ್ರೆ ನಾಳೆನೇ ಮಾಡ್ತೀನಿ! ನಾಯಿಗಳನ್ನ ಮಾತ್ರ ಕಳಿಸಲ್ಲ! ಈ ಮುದುಕಿ ಇಷ್ಟು ದಿನದ ಮೇಲೆ ಆಡ್ತಿದಾಳೆ ಸಾರ್. ಅದನ್ನ ಯಾರೂ ನಿಲ್ಸೋಕಾಗಲ್ಲ!”

ಮುನಿರಾಜಣ್ಣ ಕಕ್ಕಾಬಿಕ್ಕಿಯಾದರು. “ನಾಯಿ ಕಳ್ಸಿ ಅಂತ ಯಾರಂದ್ರು ಮೇಷ್ಟ್ರೇ? ಆಡ್ಲಿ ಪಾಪ. ನನ್ನ ತಕರಾರು ನಿಮ್ಮ ವಿಸಿಲ್ ಬಗ್ಗೆ! ನೀವು ಊದಿದಾಗಲೆಲ್ಲ ನಮ್ಮಮ್ಮ ಕುಕ್ಕರ್ ಕೂಗ್ತು ಅಂತ ಹೋಗಿ ಗ್ಯಾಸ್ ಆಫ್ ಮಾಡ್ತಾರೆ. ಈ ವಾರವೆಲ್ಲ ನಾವು ಬೇಯದೇ ಇರೋ ಅನ್ನ ತಿಂತಾ ಇದೀವಿ!”

ಪದ್ಮಾ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದಳು. ಅಳುತ್ತಿದ್ದಳು ಅಂತಲೇ ನಾನು ಇವತ್ತಿಗೂ ವಾದಿಸುತ್ತೇನೆ.

ಒಟ್ಟಿನಲ್ಲಿ ಗುಂಡ ಉಳಿದ. ಅದು ನನ್ನ ಹೋರಾಟಕ್ಕೆ ಸಂದ ಜಯ, ಯಾರು ಏನೇ ಅನ್ನಲಿ. ಈಗ ಸಂಜೆ ಆಟ ಶುರುವಾಗೋ ಮೊದಲು ನಾನೇ ಹಾಲ್‌ನಲ್ಲಿರೋ ಸಾಮಾನೆಲ್ಲ ಬದಿಗಿಟ್ಟು ಜಾಗ ಮಾಡಿಕೊಡುತ್ತೇನೆ. ಅದನ್ನು ಶರಣಾಗತಿ ಅನ್ನಬೇಡಿ. ಮೈದಾನದ ನಿರ್ವಹಣೆ ಪಿ.ಟಿ. ಮೇಷ್ಟ್ರ ಜವಾಬ್ದಾರಿ.

ನಿನ್ನೆ ಪೇಪರ್ ಓದುತ್ತಾ ಹಾಲ್‌ನ ಮಧ್ಯದಲ್ಲೇ ಕೂತುಬಿಟ್ಟಿದ್ದೆ. ಸುಂದ್ರಿ ಎದುರಿಗೆ ಬಂದು ನಿಂತು, ಒಂದೇ ಒಂದು ಸಲ ಬೊಗಳಿದಳು.

ನಾನು ಎದ್ದು ಸಾಲಿನಲ್ಲಿ ನಿಂತೆ!