ಮುಚ್ಚದೆ ಉಳಿದ ನೂರು ಸಂಪರ್ಕಗಳ ಕುರಿತು, ಮೆಮೊರಿ ಗುಡಿಸುವ ಮಹನೀಯರಿಗೆ

ಕಂಪ್ಯೂಟರಿನ ಮೆಮೊರಿಯಲ್ಲಿ ಯಾರಿಗೂ ಬೇಡವಾದದ್ದನ್ನು ಹುಡುಕಿ ಗುಡಿಸುವ ಶ್ರೀಮಾನ್ ಗಾರ್ಬೇಜ್ ಕಲೆಕ್ಟರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಆಸ್ಪತ್ರೆಯೊಂದರ ರಕ್ತಪರೀಕ್ಷಾ ವಿಭಾಗಕ್ಕೆ ಪ್ರೋಗ್ರಾಂ ಬರೆಯುವ ನಾನು, ತಮ್ಮ ಅಮೂಲ್ಯ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನಮ್ಮಲ್ಲಿ ಪ್ರತಿ ರೋಗಿಯ ವರದಿಗೂ ಡೇಟಾಬೇಸಿಗೆ ಒಂದು ಸಂಪರ್ಕ ತೆರೆಯುತ್ತೇವೆ. ಒಮ್ಮೆಗೆ ನೂರಕ್ಕಿಂತ ಹೆಚ್ಚು ತೆರೆಯುವಂತಿಲ್ಲ; ನೂರೂ ತುಂಬಿದರೆ ಯಂತ್ರವೇ ನಿಲ್ಲುತ್ತದೆ. ಕೆಲಸ ಮುಗಿದೊಡನೆ ತೆರೆದವರೇ ಅದನ್ನು ಮುಚ್ಚಬೇಕಂತೆ. ತಮ್ಮಂಥ ದೊಡ್ಡವರು ಪೊರಕೆ ಹಿಡಿದು ನಿಂತಿರುವಾಗ ನಾನೇಕೆ ಮೈ ಬಗ್ಗಿಸಲಿ ಎಂದು ಅದನ್ನು ತಮಗೇ ಬಿಟ್ಟುಕೊಟ್ಟಿದ್ದೆ. ತಾವೂ ಬಿಡುವಾದಾಗ ಬಂದು ಗುಡಿಸುತ್ತಿದ್ದಿರಿ.

ಆದರೂ ಅಪರೂಪಕ್ಕೊಮ್ಮೆ ಯಂತ್ರ ನಿಂತುಬಿಡುತ್ತಿತ್ತು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ನಾವೆಲ್ಲ ಅಕ್ಕ ಎನ್ನುವವರು, ಎಲ್ಲೋ ಮುಚ್ಚಲು ಮರೆಯುತ್ತಿದ್ದಾರೆಂದು ನನಗೆ ಗುಮಾನಿ. ಅವರನ್ನು ಸಾಕ್ಷಿ ಸಮೇತ ಹಿಡಿಯೋಣವೆಂದು, ತೆರೆದ ಪ್ರತಿಯೊಂದು ಸಂಪರ್ಕವನ್ನೂ, ತೆರೆದವರ ಹೆಸರಿನೊಂದಿಗೆ, ಒಂದು ಪಟ್ಟಿಯಲ್ಲಿ ಗುಟ್ಟಾಗಿ ಇಟ್ಟುಕೊಳ್ಳತೊಡಗಿದೆ. ಅಂದಿನಿಂದ ಯಂತ್ರ ದಿನವೂ ಹನ್ನೊಂದು ಗಂಟೆಗೆ ಸರಿಯಾಗಿ ನಿಲ್ಲತೊಡಗಿತು. "ರೋಗೀನ ಆಪರೇಷನ್‌ಗೆ ಮಲಗಿಸಾಗಿದೆ, ರಕ್ತದ ರಿಪೋರ್ಟ್ ಎಲ್ರೀ?" ಎಂದು ಹಿರಿಯ ನರ್ಸ್ ನಮ್ಮ ಕೋಣೆಗೇ ಬಂದು ಕೂಗಾಡಿದ ದಿನ, ನಾನು ಪಟ್ಟಿಯನ್ನು ತೆರೆದೂ ನೋಡದೆ ಆರು ಜನರೆದುರು ಅಕ್ಕನತ್ತ ಬೆರಳು ತೋರಿಸಿದೆ. ಮರುದಿನವೇ ಅವರನ್ನು ಹಾಜರಾತಿ ವಿಭಾಗಕ್ಕೆ ಎತ್ತಿಹಾಕಿದರು.

ಅಕ್ಕ ಹೋದ ಮೇಲೂ ಯಂತ್ರ ನಿಂತಿತು. ಪಟ್ಟಿ ತೆರೆದು ನೋಡಿದರೆ, ಮುಚ್ಚದೆ ಉಳಿದ ನೂರಕ್ಕೆ ನೂರೂ ನನ್ನವು! ಅಕ್ಕ ತೆರೆದಿದ್ದನ್ನೆಲ್ಲ ಅಂದಂದೇ ಮುಚ್ಚಿದ್ದರು. ನನ್ನವನ್ನು ತಾವಾದರೂ ಗುಡಿಸಬಹುದಿತ್ತು; ಆದರೆ ಯಾವುದೇ ವಸ್ತುವನ್ನು ಯಾರಾದರೂ ಒಬ್ಬರು ಹಿಡಿದುಕೊಂಡಿರುವ ತನಕ ತಾವು ಅದನ್ನು ಮುಟ್ಟುವವರಲ್ಲ, ಮತ್ತು ನನ್ನ ಆ ಪಟ್ಟಿಯೇ ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡಿತ್ತು. ಎಂಥ ನಿಷ್ಠೆ, ಎಂಥ ಶಿಸ್ತು! ಒಬ್ಬ ಮನುಷ್ಯ ಮಾನ ಕಳೆದುಕೊಳ್ಳುತ್ತಿದ್ದರೂ ನಿಯಮದಿಂದ ಕೂದಲೆಳೆಯಷ್ಟೂ ಸರಿಯದ ತಮ್ಮನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ನನಗೆ ನಾಚಿಕೆಯಾಗಿದೆ ಎಂಬುದನ್ನೂ ಇಲ್ಲೇ ನಮೂದಿಸುತ್ತೇನೆ.

ಆದಕಾರಣ ತಾವು ಇನ್ನು ಮುಂದೆ ಬೇಕೆಂದು ಹಿಡಿದುಕೊಂಡದ್ದಕ್ಕೂ ಪೆದ್ದುತನದಿಂದ ಹಿಡಿದುಕೊಂಡದ್ದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮುಖ ನೋಡಿಯೇ ಅರಿಯಬೇಕೆಂದೂ, ಅಂದು ನಾನಾಡಿದ ಮಾತನ್ನು ಆ ಆರು ಜನರ ತಲೆಯಿಂದ ಗುಡಿಸಿಹಾಕಬೇಕೆಂದೂ, ಅಕ್ಕನ ತಲೆಯಿಂದ ಎರಡು ಬಾರಿ ಗುಡಿಸಬೇಕೆಂದೂ ವಿನಂತಿಸುತ್ತೇನೆ.

ತಮ್ಮ ಪೊರಕೆಯನ್ನೇ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ

ತಾ.ಕ.: ಈ ಪತ್ರದ ಪ್ರತಿಯನ್ನು ಧೈರ್ಯಮಾಡಿ ಮ್ಯಾನೇಜರಿಗೂ ಕಳಿಸಿದೆ. ಅವರು ಅಕ್ಕನನ್ನು ವಾಪಸ್ ಕರೆದರು. "ಬರ್ತೀನಿ. ಆದ್ರೆ ಇನ್ಮೇಲೆ ಇವರು ಬರೆದ ಪ್ರೋಗ್ರಾಂ ಯಾವ್ದನ್ನೂ ನಾನು ಪೂರ್ತಿ ಓದಿ ನೋಡ್ದೆ ಆಸ್ಪತ್ರೆಗೆ ಕಳಿಸಬಾರ್ದು" ಎಂದರಂತೆ ಅಕ್ಕ. ಮ್ಯಾನೇಜರ್ ಅಲ್ಲೇ ಒಪ್ಪಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.