ಬೋರಲು ಬುಟ್ಟಿಗೊಂದು ಜಾಗ

ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ನಾನು. ಆದರೂ ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋದೀತು. ಜಗತ್ತಿನ ವೆಬ್ ಪುಟಗಳಿಗೆಲ್ಲ ಅನ್ವಯಿಸುವ ನಿಯಮವೊಂದರ ಕರಡಿನಲ್ಲಿ ಹೊನ್ನಾಳಿಯ ಈ ಬಡಪಾಯಿಯ ತಿದ್ದುಪಡಿಯೊಂದು ಸೇರಿದೆ!

ನನ್ನ ಹೆಂಡತಿ ಗಿರಿಜಾ ಬಸ್ ಸ್ಟ್ಯಾಂಡ್ ಹತ್ತಿರ ರೊಟ್ಟಿ ಖಾನಾವಳಿ ನಡೆಸುತ್ತಾಳೆ. ನಿವೃತ್ತನಾದ ನಾನು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತೆ ಅದಕ್ಕೊಂದು ವೆಬ್ ಪುಟ ಮಾಡಿದೆ. ಪುಟದೊಳಗೆ, ಓದುವವರಿಗೆ ಕಾಣದಂತೆ, ಹುಡುಕುವ ಯಂತ್ರಕ್ಕಾಗಿ ಕೆಲವು ಚೀಟಿ ಅಂಟಿಸಬೇಕಂತೆ. ಹೆಸರು, ಊರು, ತೆರೆಯುವ ಹೊತ್ತು, ಮುಚ್ಚುವ ಹೊತ್ತು ಹೀಗೆ. ಮುಚ್ಚುವುದು ಮೂರು ಗಂಟೆಗೆ ಎಂದು ಬರೆದೆ. ಅದನ್ನು ನಂಬಿ ನ್ಯಾಮತಿಯವರೊಬ್ಬರು ಹೆಂಡತಿ ಮಕ್ಕಳ ಸಮೇತ ಎರಡೂವರೆಗೆ ಬಂದಿಳಿದರು. ಬಾಗಿಲಲ್ಲಿ ಬುಟ್ಟಿ ಬೋರಲಾಗಿತ್ತು. ಬುಟ್ಟಿ ಬೋರಲಾದರೆ ರೊಟ್ಟಿ ಖಾಲಿ ಎಂದು ಹೊನ್ನಾಳಿಗೆಲ್ಲ ಗೊತ್ತು, ನ್ಯಾಮತಿಗೆ ಗೊತ್ತಿಲ್ಲ. "ಮೂರರ ತನಕ ಐತೆ ಅಂತ ಸುಳ್ಳು ಹೇಳಿ ಕರೆಸ್ತೀರೇನಮ್ಮಾ?" ಎಂದುಬಿಟ್ಟರು. ಎಂದೂ ಆ ಮಾತು ಕೇಳದ ಗಿರಿಜಾಳ ಕಣ್ಣು ತುಂಬಿತು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ರೊಟ್ಟಿ ಮುಗಿದ ಮ್ಯಾಲೆ ಮುಚ್ಚೋದು ರೀ, ಗಡಿಯಾರ ನೋಡ್ಕಂಡು ಕೂರಾಕೆ ಆಗ್ತೈತಾ? ಇದ್ದದ್ದು ಇದ್ದಂಗೆ ಬರೀರಿ, ಇಲ್ಲಾಂದ್ರೆ ಆ ಪುಟ ಕಿತ್ತಾಕ್ರಿ."

ಬರೆಯೋಣವೆಂದರೆ ಆ ಚೀಟಿ ಗಂಟೆ ಬಿಟ್ಟು ಬೇರೇನನ್ನೂ ಒಪ್ಪದು. ಅದೇ ಹೊತ್ತಿಗೆ ಈ ಚೀಟಿಗಳಿಗೆ ನಿಯಮ ಮಾಡುವವರು ಹೊಸ ಕರಡು ಹೊರಡಿಸಿ, ಯಾರು ಬೇಕಾದರೂ ಅಭಿಪ್ರಾಯ ಕಳಿಸಿ ಎಂದರು. ಯಾರು ಬೇಕಾದರೂ ಎಂದಮೇಲೆ ನಾನೂ ಒಬ್ಬ ತಾನೆ? ನಾಲ್ಕು ಪುಟ ಬರೆದೆ. ಜಗಳೂರಿನ ಮಿರ್ಚಿ ಗಾಡಿಯವನಾಗಲಿ ಚನ್ನಗಿರಿಯ ಇಡ್ಲಿ ಅಜ್ಜಿಯಾಗಲಿ ಗಡಿಯಾರ ನೋಡಿ ಮುಚ್ಚುವುದಿಲ್ಲ, ಆದ್ದರಿಂದ 'ಮುಗಿಯುವ ತನಕ' ಎನ್ನಲು ಒಂದು ಜಾಗ ಕೊಡಿ ಎಂದು ವಾದಿಸಿದೆ. ಸಾಕ್ಷಿಗೆ ಬೋರಲು ಬುಟ್ಟಿಯ ಫೋಟೋ ಲಗತ್ತಿಸಿದೆ. ಫೋಟೋ ತಲೆಕೆಳಗಾಗಿ ಬಂದಿದೆಯೇ ಎಂದು ವಿಚಾರಿಸಿದ್ದೊಂದನ್ನು ಬಿಟ್ಟರೆ ಅವರು ಗೌರವದಿಂದಲೇ ನಡೆದುಕೊಂಡರು.

ಮೊನ್ನೆ ಉತ್ತರ ಬಂತು. ಸಲಹೆ ಒಪ್ಪಿದ್ದಾರೆ! ಪ್ರಿಂಟ್ ತೆಗೆಸಿ ಖಾನಾವಳಿಗೆ ಓಡಿದೆ. ಊಟಕ್ಕೆ ಕೂತವರಿಗೆಲ್ಲ ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿ, ಕೇಳದಿದ್ದವರಿಗೆ ಎರಡೆರಡು ಸಲ ಹೇಳಿದೆ. ಗಿರಿಜಾ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಮುಟ್ಟಿ ನೋಡಿದಳು. "ಹಂಗಾರೆ ಇನ್ಮ್ಯಾಲೆ ಯಾರೂ ನನ್ನ ಸುಳ್ಳಿ ಅನ್ನಂಗಿಲ್ಲ" ಎಂದಳು. ಆ ಮುಖ ನೋಡಿ, ಸುಳ್ಳೇಕೆ, ನಾನು ಹೆಮ್ಮೆಯಿಂದ ಬೀಗಿದೆ. ಬೀಗಿ ಸುಸ್ತಾದ ಮೇಲೆ ಹಸಿವಾಯಿತು.

"ಎರಡು ರೊಟ್ಟಿ ಹಾಕು" ಎಂದು ಕೂತೆ.

ಅವಳು ಬಾಗಿಲ ಕಡೆ ಕೈ ತೋರಿಸಿದಳು. ನನ್ನ ಭಾಷಣ ನಡೆಯುತ್ತಿದ್ದಾಗಲೇ ಬುಟ್ಟಿ ಬೋರಲಾಗಿತ್ತು.

"ನೀವೇ ಬರೆಸಿದ ರೂಲ್ಸು ರೀ" ಎಂದಳು. ಆ ಮಧ್ಯಾಹ್ನ ಜಗತ್ತನ್ನು ತಿದ್ದಿದ ಮೇಷ್ಟ್ರು ಮಂಡಕ್ಕಿ ತಿಂದು ಮಲಗಿದರು.