ಕಟಿಂಗ್ ಮಷೀನಿನ ಅಡಿಯ ಅಲ್ಪವಿರಾಮ ಅವರ ಸನ್ನಿಧಾನಕ್ಕೆ

ಬಾಲವುಳ್ಳ ಸಮಸ್ತರೇ, ಬಾಲವಿಲ್ಲದೆಯೂ ಹೊತ್ತು ನೋಡಿ ಅಲ್ಲಾಡಿಸಬಲ್ಲ ಮಹನೀಯರೇ, ಈಗಾಗಲೇ ಕಚ್ಚಿಸಿಕೊಂಡು ಅನುಭವಿಗಳೆನಿಸಿದವರೇ, ಕಚ್ಚಿಸಿಕೊಳ್ಳುವ ಸರದಿಯಲ್ಲಿ ತಾಳ್ಮೆಯಿಂದ ನಿಂತಿರುವ ಬಂಧುಗಳೇ! ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದ ಸೂಚನಾ ಫಲಕದ ಮುಂದೆ ಟೀ ಲೋಟ ಹಿಡಿದು ನಿಂತಿರುವ ತಾವೆಲ್ಲರೂ ಈ ಪತ್ರಕ್ಕೆ ಸಾಕ್ಷಿಗಳಾಗಬೇಕೆಂದು ಮೊದಲಿಗೇ ಕೋರುತ್ತೇನೆ. ಪತ್ರ ಬರೆದಿರುವುದು ತಮಗಲ್ಲ. ಯಾರಿಗೆ ಬರೆದಿದೆಯೋ ಅವರಿಗೆ ಓದು ಬಾರದು. ಆದಕಾರಣ ತಾವು ಓದಿದರೆ ಸಾಕು.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ನಲವತ್ತು ಚಿಲ್ಲರೆ ಹಲ್ಲುಗಳೂ ಯಥಾಸ್ಥಾನದಲ್ಲಿ ಸುಸ್ಥಿತಿಯಲ್ಲಿವೆಯೆಂದೂ ನಂಬಿದ್ದೇನೆ. ನನ್ನ ಎಡಗೈಯ ಯೋಗಕ್ಷೇಮವನ್ನು ತಾವು ವಿಚಾರಿಸಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ಏಕೆಂದರೆ ಅದರ ಒಳಭಾಗವನ್ನು ನನಗಿಂತ ಮೊದಲು ಕಂಡವರು ತಾವು. ಹೆಬ್ಬೆರಳಿನ ಬುಡದಲ್ಲಿ ಎರಡು, ಅಂಗೈಯಲ್ಲಿ ಎರಡು, ಹೀಗೆ ಒಟ್ಟು ನಾಲ್ಕು ತೂತುಗಳನ್ನು ಅಳತೆ ಹಿಡಿದಂತೆ ಸಮ ಅಂತರದಲ್ಲಿ ಮೂಡಿಸಿದ ತಮ್ಮ ಕೈಚಳಕವನ್ನು, ಕ್ಷಮಿಸಿ, ಬಾಯಿಚಳಕವನ್ನು, ನಮ್ಮ ಪಂಚಿಂಗ್ ಯಂತ್ರವೂ ಕಲಿಯಬೇಕಾಗಿದೆ.

ನನ್ನ ಪರಿಚಯ ತಮಗೆ ಮೂಸಿ ಗೊತ್ತು; ಸಾಕ್ಷಿಗಳಿಗಾಗಿ ಹೇಳಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿರುವವನು ನಾನು. ಓದುವುದೇ ನನ್ನ ಅನ್ನ. ಬೇರೆಯವರು ಪುಟ ನೋಡುವಲ್ಲಿ ನಾನು ಬಿಟ್ಟುಹೋದ ಕೊಂಬನ್ನು ನೋಡುತ್ತೇನೆ, ತಪ್ಪಿದ ಒತ್ತನ್ನು ನೋಡುತ್ತೇನೆ, ಮನೆಯಲ್ಲಿ ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ತಿದ್ದಿ, ಅಂಗಡಿಗೆ ಹೋಗುವುದನ್ನು ಮರೆತು, ಬೈಸಿಕೊಳ್ಳುತ್ತೇನೆ. ಇದರ ಮೇಲೆ ಕಾಲೇಜು ದಿನಗಳಿಂದ ಅಂಟಿದ ಇನ್ನೊಂದು ರೋಗ ಪ್ರಾಸ. ಎರಡು ಸಾಲುಗಳ ತುದಿ ಒಂದಕ್ಕೊಂದು ಕೂಡಿದರೆ ನನಗೆ ಊಟ ಸೇರುತ್ತದೆ, ಕೂಡದಿದ್ದರೆ ನಿದ್ದೆ ಹಾರುತ್ತದೆ. (ನೋಡಿದಿರಲ್ಲ, ತಡೆಯಲಾಗುವುದಿಲ್ಲ.) ಬೆನ್ನ ಮೇಲೆ ಸುರುಳಿಯಾದ ತಮ್ಮ ಬಾಲವನ್ನು ಕಂಡು ತಮಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟವನೂ ನಾನೇ. ತಾವು ಆ ಹೆಸರಿಗೆ ಒಮ್ಮೆಯೂ ಓಗೊಟ್ಟಿಲ್ಲ. ಬೈಂಡಿಂಗ್ ಅಕ್ಕ ಮೂಲೆಯಿಂದ ‘ಮರೀ’ ಎಂದು ಪಿಸುಗುಟ್ಟಿದರೆ ಮಾತ್ರ, ಕಟಿಂಗ್ ಮಷೀನು ಎಷ್ಟೇ ಗದ್ದಲ ಮಾಡುತ್ತಿರಲಿ, ಕತ್ತರಿಸಿದ ಕಾಗದದ ಚೂರುಗಳ ಹಾಸಿಗೆಯಿಂದೆದ್ದು, ಬಾಲದಲ್ಲಿ ಒಂದು ಚೂರನ್ನು ಸಿಕ್ಕಿಸಿಕೊಂಡೇ ಓಡುತ್ತೀರಿ. ಹೆಸರಿಟ್ಟವನಿಗಿಲ್ಲದ ಮರ್ಯಾದೆ ಹಾಲಿಟ್ಟವರಿಗೆ. ಇರಲಿ.

ಈ ಪತ್ರಕ್ಕೆ ಕಾರಣ ಮಾಲೀಕರ ಆಜ್ಞೆ. ಶುಕ್ರವಾರ ಬೆಳಗ್ಗೆ ಅವರು ನನ್ನ ಕೈಯ ಬ್ಯಾಂಡೇಜನ್ನು ದೂರದಿಂದಲೇ ನೋಡಿ, “ಸಾರ್, ಒಂದು ದೂರು ಬರ್ಕೊಟ್ಬಿಡಿ. ಯಾವ ಸೂಚನೇನೂ ಕೊಡ್ದೆ ಕಚ್ತು ಅಂತ ಸ್ಪಷ್ಟವಾಗಿರ್ಲಿ. ಗುರ್ ಅಂದು ಕಚ್ಚೋ ನಾಯೀನ ಇಟ್ಕೋಬಹುದು, ಸುಮ್ನಿದ್ದು ಕಚ್ಚೋದನ್ನ ಹೇಗ್ ಇಟ್ಕೊಳ್ಳೋದು?” ಎಂದರು. ನನ್ನ ಸಹಿ ಬಿದ್ದರೆ, ಸೋಮವಾರ ಕಾಗದ ಇಳಿಸಿ ಖಾಲಿ ಹೋಗುವ ವ್ಯಾನಿನಲ್ಲಿ ತಮ್ಮನ್ನು ಹತ್ತಿಸಿ, ಊರಾಚೆಯ ಕಾಗದದ ಗಿರಣಿಯ ಅಂಗಳದಲ್ಲಿ ಇಳಿಸಿ ಬರುವುದೆಂದು ತೀರ್ಮಾನ. ಅಲ್ಲಿ ಈಗಾಗಲೇ ಎಂಟು ಹತ್ತು ದಾಂಡಿಗ ನಾಯಿಗಳು ಸಂಸಾರ ಹೂಡಿವೆಯೆಂದೂ, ಹೊಸಬರನ್ನು ಅವು ಹಲ್ಲು ತೋರಿಸಿಯೇ ಬರಮಾಡಿಕೊಳ್ಳುತ್ತವೆಂದೂ ವ್ಯಾನಿನ ಡ್ರೈವರ್ ಹೇಳಿದ. ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ತಮ್ಮನ್ನು ಸಾಕಿದ ಅಕ್ಕ ಇದನ್ನು ಕೇಳಿಸಿಕೊಂಡರು. ಅಂದಿನಿಂದ ಅವರು ಪುಸ್ತಕದ ಬೆನ್ನಿಗೆ ಸೂಜಿ ಚುಚ್ಚುತ್ತಿರುವ ರಭಸವನ್ನು ನೋಡಿದರೆ, ಆ ಬೆನ್ನು ಯಾರದೆಂದು ಅವರು ಭಾವಿಸಿದ್ದಾರೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ದೂರಿನ ವಿವರ. ಗುರುವಾರ ಮಧ್ಯಾಹ್ನ ಊಟವಾದ ಮೇಲೆ, ‘ನಾಯಿಯ ಮೈಮಾತು’ ಎಂಬ ಕರಪತ್ರ ಮಷೀನಿನಿಂದ ಬಿಸಿಬಿಸಿಯಾಗಿ ಹೊರಬಂದಿತ್ತು. ನಾಯಿಯ ಮನಸ್ಸನ್ನು ಅದರ ಮೈಯಿಂದ ತಿಳಿಯುವುದು ಹೇಗೆಂದು ಶಾಲೆಯ ಮಕ್ಕಳಿಗೆ ಕಲಿಸುವ ಸಲುವಾಗಿ ಪ್ರಾಣಿಗಳ ಡಾಕ್ಟರಮ್ಮ ಮಾಡಿಸಿದ ಕರಪತ್ರವದು. ಜ್ಞಾನ ಕೈಗೆ ಬಂದ ಮೇಲೆ ಪ್ರಯೋಗಕ್ಕೆ ತಡವೇಕೆಂದು, ಬಲಗೈಯಲ್ಲಿ ಒಂದು ಪ್ರತಿ ಹಿಡಿದು, ನಾನು ತಮ್ಮ ನಿವಾಸದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ.

ಆಗ ತಾವು ತಮ್ಮ ಬಲ ಮುಂಗಾಲನ್ನು ನೆಕ್ಕಿಕೊಳ್ಳುತ್ತಿದ್ದಿರಿ. ನನ್ನನ್ನು ಕಂಡೊಡನೆ ನಿಲ್ಲಿಸಿ ತುಟಿಯನ್ನೊಮ್ಮೆ ನೆಕ್ಕಿಕೊಂಡಿರಿ. ಕರಪತ್ರ ನೋಡಿದೆ: ‘ಪಾದ ನೆಕ್ಕಿದರೆ ಶುಚಿ, ತುಟಿ ನೆಕ್ಕಿದರೆ ರುಚಿ.’ ನನ್ನ ಆಗಮನ ತಮಗೆ ರುಚಿಸಿತೆಂದು ತಿಳಿದು ಇನ್ನಷ್ಟು ಹತ್ತಿರ ಸರಿದೆ. ತಾವು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಆ ಮುಂಗಾಲನ್ನು ನೆಲದಿಂದ ಎರಡು ಬೆರಳು ಎತ್ತಿ ಹಿಡಿದಿರಿ. ‘ಮುಖ ತಿರುವಿದರೆ ನಾಚಿಕೆ, ಮುಂಗಾಲೆತ್ತಿದರೆ ಯಾಚಿಕೆ.’ ಯಾಚಿಕೆ ಎಂಬ ಪದ ಯಾವ ನಿಘಂಟಿನಲ್ಲಿಯೂ ಇಲ್ಲದಿರಬಹುದು. ಆದರೆ ನಾಚಿಕೆಯ ಪಕ್ಕದಲ್ಲಿ ಅದು ಕುಳಿತಿರುವ ಚೆಂದವನ್ನು ನೋಡಿ! ತಾವು ಏನನ್ನೋ ಬೇಡುತ್ತಿರುವಿರೆಂದು ನನ್ನ ಕರುಳು ಚುರುಕ್ಕೆಂದಿತು. ತಾವು ಆಕಳಿಸಿದಿರಿ. ತಮ್ಮ ಕಣ್ಣಂಚಿನಲ್ಲಿ ಬಿಳಿ ಕಾಣಿಸಿತು. ಆಮೇಲೆ ಇದ್ದಕ್ಕಿದ್ದಂತೆ ತಾವು ಕಲ್ಲಿನಲ್ಲಿ ಕಡೆದಿಟ್ಟಂತೆ ನಿಶ್ಚಲರಾದಿರಿ. ಆ ಕಲ್ಲಿನ ತುದಿಯಲ್ಲಿ ಬಾಲ ಮಾತ್ರ ಸೆಟೆದು ನಿಂತು ಸಣ್ಣಗೆ, ವೇಗವಾಗಿ ಅದುರುತ್ತಿತ್ತು. ‘ಆಕಳಿಸಿದರೆ ನಿದ್ದೆ, ಅಲುಗದಿದ್ದರೆ ಶ್ರದ್ಧೆ. ಬಾಲ ಆಡಿದರೆ ಸ್ನೇಹ, ಬಾಲ ನಿಂತರೆ ಸಂದೇಹ.’ ನಿದ್ದೆಯಿಂದೆದ್ದು ಶ್ರದ್ಧೆಗೆ ಬಂದ, ಸಂದೇಹಕ್ಕೆ ಎಡೆಯೇ ಇಲ್ಲದ ಇಂಥ ಸ್ನೇಹಿತರ ಮುಂದೆ ಸಭ್ಯ ಮನುಷ್ಯನೊಬ್ಬ ಏನು ಮಾಡಬೇಕೋ ಅದನ್ನೇ ನಾನು ಮಾಡಿದೆ. ಎಡಗೈ ಚಾಚಿ, ತಾವು ಎತ್ತಿ ಹಿಡಿದಿದ್ದ ಪಾದವನ್ನು ಹಿಡಿದು ಕುಲುಕಿದೆ.

ಮುಂದಿನದು ಎಲ್ಲರಿಗೂ ಗೊತ್ತು. ನಾನು ಕಿರುಚಿದ್ದು ಮಷೀನಿನ ಸದ್ದನ್ನೂ ಮೀರಿ ಮಾಲೀಕರ ಕೋಣೆಗೆ ಕೇಳಿಸಿತೆಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ.

ಆದ್ದರಿಂದ, ಮಾನ್ಯರೇ, ತಾವು ಅಚ್ಚಾಗಿ ಬಂದ ನಿಯಮಗಳನ್ನು ಒಂದೂ ಬಿಡದೆ ಉಲ್ಲಂಘಿಸಿದ್ದೀರಿ ಎಂಬುದು ನನ್ನ ಮುಖ್ಯ ಆಕ್ಷೇಪ. ತಮ್ಮದೇ ಮೈಯ ಬಗ್ಗೆ, ತಾವು ಮಲಗುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ, ಎರಡು ಬಣ್ಣಗಳಲ್ಲಿ ಮುದ್ರಣವಾದ ಸಾಹಿತ್ಯವನ್ನು ತಾವು ಒಮ್ಮೆ ಕಣ್ಣಾಡಿಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಎರಡನೆಯದಾಗಿ, ಗುರುಗುಟ್ಟುವುದು ನಾಯಿಗಳಲ್ಲಿ ಕನಿಷ್ಠ ಸೌಜನ್ಯ. ಬೀದಿ ಕೊನೆಯ ಗ್ಯಾರೇಜಿನ ನಾಯಿ, ಹಿನ್ನೆಲೆ ಮುನ್ನೆಲೆ ಏನೂ ಇಲ್ಲದ್ದು, ಅದು ಕೂಡ ಹೋಗಿಬರುವವರಿಗೆಲ್ಲ ಧಾರಾಳವಾಗಿ ಗುರುಗುಟ್ಟುತ್ತದೆ. ಅಕ್ಷರಗಳ ನಡುವೆಯೇ ಬೆಳೆದ ತಮ್ಮ ಬಾಯಿಂದ ಒಂದು ‘ಗುರ್’ ಹೊರಡಲಿಲ್ಲವೆಂದರೆ ನಾವು ಏನೆಂದುಕೊಳ್ಳಬೇಕು?

ಮುಂದಿನ ದಿನಗಳಲ್ಲಿ ಇಂಥ ಅಚಾತುರ್ಯಕ್ಕೆ ಅವಕಾಶವಾಗದಂತೆ ಕೆಲವು ಸಣ್ಣ ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ. ಕಚ್ಚುವ ಉದ್ದೇಶವಿದ್ದಲ್ಲಿ ಏಳು ದಿನ ಮುಂಚಿತವಾಗಿ, ಮೂರು ಪ್ರತಿಗಳಲ್ಲಿ, ಕಚ್ಚಬೇಕೆಂದಿರುವ ಅಂಗವನ್ನು ನಮೂದಿಸಿ ತಿಳಿವಳಿಕೆ ಪತ್ರ ಕಳುಹಿಸತಕ್ಕದ್ದು. ಒಂದೇ ಬಾಲವನ್ನು ಸಂತೋಷಕ್ಕೂ ಸಿಟ್ಟಿಗೂ ಬಳಸುವ ಗೊಂದಲವನ್ನು ಬಿಟ್ಟು, ಸಿಟ್ಟಿಗೆಂದೇ ಪ್ರತ್ಯೇಕ ಬಾಲವೊಂದನ್ನು ಬೆಳೆಸಿಕೊಳ್ಳತಕ್ಕದ್ದು. ಅದು ಕೆಂಪಗಿದ್ದರೆ ಒಳ್ಳೆಯದು. ಹೆದರಿಕೆಯಿಂದ ಆಕಳಿಸುವುದನ್ನು ಇಂದಿನಿಂದಲೇ ನಿಲ್ಲಿಸಿ, ನಮ್ಮ ಕಚೇರಿಯ ಎಲ್ಲರಂತೆ ಮಧ್ಯಾಹ್ನ ಮೂರು ಗಂಟೆಗೆ, ನಿದ್ದೆಯಿಂದ ಮಾತ್ರ ಆಕಳಿಸತಕ್ಕದ್ದು. ಇವೆಲ್ಲ ಆಗದಿದ್ದರೆ ಕೊನೆಯ ಪಕ್ಷ ಪ್ರಾಸಬದ್ಧವಾಗಿಯಾದರೂ ಕಚ್ಚಬೇಕು.

ಈ ನ್ಯಾಯವಾದ ದೂರಿಗೆ ಮನೆಯಲ್ಲಿ ಬೆಂಬಲ ಸಿಗಬಹುದೆಂದು ನಾನು ನಂಬಿದ್ದೆ. “ಒಂದ್ ಮಾತೂ ಹೇಳ್ದೆ ಕಚ್ಬಿಡ್ತು ಕಣೇ” ಎಂದೆ. ಹೆಂಡತಿ ನನ್ನ ಬ್ಯಾಂಡೇಜಿಗೆ ನೀರು ತಾಕದಂತೆ ಪ್ಲಾಸ್ಟಿಕ್ ಚೀಲ ಕಟ್ಟುತ್ತ, “ಅದು ಹೇಳಿರುತ್ತೆ ರೀ. ನೀವು ಅದರಲ್ಲೂ ತಪ್ಪು ಹುಡುಕ್ತಾ ಕೂತಿರ್ತೀರಿ” ಎಂದಳು. ನಾನು ಚೀಲದ ಮೇಲೆ ಅಚ್ಚಾಗಿದ್ದ ಅಂಗಡಿಯ ಹೆಸರಿನಲ್ಲಿ ಒಂದು ದೀರ್ಘ ತಪ್ಪಿರುವುದನ್ನು ಗಮನಿಸಿ, ಆ ಹೊತ್ತಿಗೆ ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ.

ಶುಕ್ರವಾರ ಸಂಜೆ ಅಕ್ಕ ತಮ್ಮನ್ನು ಮಡಿಲಿಗೆ ಹಾಕಿಕೊಂಡು, ಬಲ ಮುಂಗಾಲಿನ ಬೆರಳ ಸಂದಿಯಿಂದ ತುಂಡು ತಂತಿಯೊಂದನ್ನು ಚಿಮಟದಲ್ಲಿ ಎಳೆದು ತೆಗೆದರು. ಪುಸ್ತಕಕ್ಕೆ ಪಿನ್ನು ಹೊಡೆಯುವ ಯಂತ್ರದಿಂದ ಸಿಡಿದು ಬಿದ್ದ ತಂತಿ, ಅಕ್ಕಿಕಾಳಿನಷ್ಟು ಉದ್ದ, ಸುತ್ತ ಕೀವು. ತಾವು ನಡುಗುತ್ತಿದ್ದಿರಿ, ಅಕ್ಕನನ್ನು ಕಚ್ಚಲಿಲ್ಲ. “ನಾಲ್ಕ್ ದಿನದಿಂದ ಕಾಲು ನೆಕ್ಕೋತಾ ಇತ್ತು, ನಾನು ಆ ಪಠ್ಯಪುಸ್ತಕದ ಗಡಿಬಿಡೀಲಿ ನೋಡ್ಲೇ ಇಲ್ಲ. ಯಾರೂ ನೋಡ್ಲಿಲ್ವಲ್ಲೋ ಮರೀ” ಎಂದರು. ಅವರು ನನ್ನ ಕಡೆ ತಿರುಗಲಿಲ್ಲ. ಮಾಲೀಕರಿಗೆ ತಂತಿಯನ್ನು ತೋರಿಸಿದಾಗ ಅವರು, “ಪಾಪ ನಿಜ ಅಕ್ಕ, ಆದ್ರೂ ಹೇಳ್ದೆ ಕಚ್ತಲ್ಲ. ನಾಳೆ ಇನ್ಯಾರಿಗೋ ಕಚ್ಚಿದ್ರೆ?” ಎಂದು ನನ್ನ ಸಹಿಗಾಗಿ ಕಾಯುತ್ತ ಕುಳಿತರು.

ಯಾರೂ ನೋಡಲಿಲ್ಲವೆಂಬುದು ಸುಳ್ಳು. ನಾನು ನೋಡಿದ್ದೆ. ನಾಲ್ಕು ದಿನವೂ ನೋಡಿದ್ದೆ. ಶುಚಿ ಎಂದುಕೊಂಡಿದ್ದೆ.

ಮಾನ್ಯರೇ, ಈ ಗಾಂಭೀರ್ಯ ಇನ್ನು ನನ್ನಿಂದ ಆಗುವುದಿಲ್ಲ. ಆ ಪ್ರಾಸಗಳು ಡಾಕ್ಟರಮ್ಮನವಲ್ಲ, ನನ್ನವು.

ಅವರು ಕೈಬರಹದಲ್ಲಿ ಕೊಟ್ಟ ಹಾಳೆಯಲ್ಲಿ, ಒಂದೇ ಜಾಗವನ್ನು ಮತ್ತೆ ಮತ್ತೆ ನೆಕ್ಕುವ ನಾಯಿಗೆ ಅಲ್ಲಿ ನೋವಿರಬಹುದು, ಮುಟ್ಟಬೇಡಿ ಎಂದಿತ್ತು. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಎತ್ತಿ ಹಿಡಿದ ಮುಂಗಾಲು, ಇವು ‘ದೂರ ಹೋಗು’ ಎಂಬ ವಿನಂತಿಗಳು ಎಂದಿತ್ತು. ಮರಗಟ್ಟಿದಂತೆ ನಿಂತರೆ ಅಪಾಯ, ಬಾಲ ಆಡುವುದೆಲ್ಲ ಸ್ನೇಹವಲ್ಲ ಎಂದಿತ್ತು. ಸಾಲುಗಳು ಒಣಒಣವಾಗಿವೆ, ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ ಎಂದು ನಾನು ಕೂಡಿಸಿ, ಕಳೆದು, ತುದಿಗೆ ತುದಿ ಜೋಡಿಸಿದೆ. ಜೋಡಿಸುವಾಗ ಅರ್ಥ ತಿರುವುಮುರುವಾದದ್ದು ಕಿವಿಗೆ ಇಂಪಾಗಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, “ತಪ್ಪಿಲ್ದಿದ್ರೆ ಸಾಕು ಸಾರ್, ಅಚ್ಚು ಹಾಕ್ಬಿಡಿ, ನಿಮ್ಮ ಮೇಲೆ ನಂಬಿಕೆ ಇದೆ” ಎಂದರು. ನಾನು ಇನ್ನೊಮ್ಮೆ ನೋಡಿದೆ. ಕಾಗುಣಿತದ ಒಂದು ತಪ್ಪೂ ಇರಲಿಲ್ಲ.

ಒಂದು ಸಾಲು ಮಾತ್ರ ಎಷ್ಟು ಒದ್ದಾಡಿದರೂ ಪ್ರಾಸಕ್ಕೆ ಬಗ್ಗಲಿಲ್ಲ, ಪುಟವನ್ನೂ ಮೀರುತ್ತಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ‘ಗುರುಗುಟ್ಟುವ ನಾಯಿಯನ್ನು ಗದರಬೇಡಿ, ಕಚ್ಚದಿರಲು ಅದು ಮಾಡುತ್ತಿರುವ ಕೊನೆಯ ಪ್ರಯತ್ನ ಅದು.’ ಹೊಡೆದುಹಾಕಿದ್ದು ಕಾಗದದ ಮೇಲೆ ಮಾತ್ರವಲ್ಲ. ಕಳೆದ ತಿಂಗಳು ತಾವು ಗುರುಗುಟ್ಟಿದಾಗಲೆಲ್ಲ ನನ್ನ ಓದಿಗೆ ಭಂಗವಾಯಿತೆಂದು, ಕರಡಿನ ಹಾಳೆಗಳನ್ನು ಸುರುಳಿ ಸುತ್ತಿ ತಮ್ಮ ಮೂತಿಯ ಮೇಲೆ ಬಾರಿಸಿದವನು ನಾನು. ಮೂರನೆಯ ವಾರಕ್ಕೆ ತಾವು ಗುರುಗುಟ್ಟುವುದನ್ನು ಬಿಟ್ಟಿರಿ. ಬುದ್ಧಿ ಕಲಿಯಿತೆಂದು ನಾನೇ ಎಲ್ಲರೆದುರು ಬೀಗಿದೆ. ಸುಮ್ಮನಿದ್ದು ಕಚ್ಚುವ ನಾಯಿಯನ್ನು ಈ ಮುದ್ರಣಾಲಯದಲ್ಲಿ ತಯಾರಿಸಿದ್ದು ನಾನು.

ಹಾಗಾಗಿ ಮಾಲೀಕರು ಕೇಳಿದ ಕಾಗದಕ್ಕೆ ನನ್ನ ಸಹಿ ಇಲ್ಲ. ನಾಯಿ ಆರು ಬಾರಿ ಹೇಳಿತು, ಓದು ಕಲಿತವನು ಆರು ಬಾರಿಯೂ ತಪ್ಪು ಓದಿದ. ದೂರು ಇರುವ ಹಾಗೇ ಇರಲಿ, ಆರೋಪಿಯ ಜಾಗದಲ್ಲಿ ಮಾತ್ರ ನನ್ನನ್ನು ಹಾಕಿ ತಿದ್ದಿಕೊಳ್ಳಲಿ. ಬಾಗಿಲ ಬಳಿ ಕಟ್ಟಿಟ್ಟಿರುವ ಕರಪತ್ರದ ಕಟ್ಟುಗಳು ಸೋಮವಾರ ಶಾಲೆಗಳಿಗೆ ಹೋಗಬಾರದು. ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೇನೆ. ಅವರು ಫೋನು ಕೆಳಗಿಟ್ಟ ರಭಸವನ್ನು ಮಾತ್ರ ನಾನು ಸರಿಯಾಗಿ ಓದಿಕೊಂಡೆ. ಅವರ ಕೈಬರಹದ ಮೂಲ ಹಾಳೆ ಮಾಲೀಕರ ಮೇಜಿನ ಮೇಲಿದೆ. ಸೋಮವಾರದ ವ್ಯಾನಿನಲ್ಲಿ ಆ ಕಟ್ಟುಗಳು ಗಿರಣಿಗೆ ಹೋಗಿ ಕಾಗದದ ತಿರುಳಾಗಲಿ. ತಮ್ಮ ಜಾಗ ಕಟಿಂಗ್ ಮಷೀನಿನ ಅಡಿಯಲ್ಲೇ ಇರಲಿ.

ತಮ್ಮ ವಿಶ್ವಾಸಕ್ಕೆ ಇನ್ನೂ ಅರ್ಹನಾಗದಿದ್ದರೂ, ಎರಡು ಮಾರು ದೂರದಿಂದಲೇ,
ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ತಾ.ಕ.: ಹೊಸ ಕರಪತ್ರದ ಕರಡು ಸದ್ಯದಲ್ಲೇ ಬರಲಿದೆ. ನಾನು ಕೆಂಪು ಪೆನ್ನು ಹಿಡಿದು ಅದರ ಹತ್ತಿರ ಸುಳಿದದ್ದು ಕಂಡರೆ ದಯವಿಟ್ಟು ಗುರುಗುಟ್ಟಿ. ಈ ಬಾರಿ ಯಾರೂ ಬಾರಿಸುವುದಿಲ್ಲ. ಅಷ್ಟಕ್ಕೂ ನಾನು ನಿಲ್ಲದಿದ್ದರೆ, ಬಲಗೈಯಲ್ಲಿ ಇನ್ನೂ ಜಾಗ ಖಾಲಿ ಇದೆ.